ಅಹವಾಲಿಗೆ ಭಾಷೆಯ ತಡೆ ಬೇಡ: ಚಿಕ್ಕಬಳ್ಳಾಪುರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಪ್ರತಿ ವರ್ಷ ಫಾಲ್ಗುಣದ ಹುಣ್ಣಿಮೆಗೆ ಸರ್ಕಾರವೇ ಕೈವಾರ ತಾತಯ್ಯನವರ ಜಯಂತಿ ಆಚರಿಸುತ್ತದೆ. ಬಳೆ ಮಾರುತ್ತಿದ್ದ ಆ ಯೋಗಿ ಕನ್ನಡದಲ್ಲೂ ಹಾಡಿದರು, ತೆಲುಗಿನಲ್ಲೂ ಹಾಡಿದರು. ತೆಲುಗಿನದೇ ಒಂದು ಕೈ ಮೇಲು. ಅವರನ್ನು ಹೊರಗಿನವರೆಂದು ಯಾರೂ ಅನ್ನುವುದಿಲ್ಲ. ಆದರೆ ಅವರ ಪದಗಳನ್ನು ಬಾಯಿಪಾಠ ಹೇಳುವ ಹಳ್ಳಿಯವರು ಕಚೇರಿಗೆ ಬಂದಾಗ ಮಾತು ಬೇರೆಯಾಗುತ್ತದೆ.

ಗಡಿಭಾಗದ ಒಂದು ಅಹವಾಲು ಸಭೆಯಲ್ಲಿ ನಾನಿದ್ದೆ. ಗಂಡ ತೀರಿಕೊಂಡ ಮೇಲೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ಅಲೆಯುತ್ತಿದ್ದ ಮುದುಕಿಯೊಬ್ಬರು ಪಹಣಿ, ಮರಣ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ತೆಲುಗಿನಲ್ಲಿ ಹೇಳಲು ಶುರು ಮಾಡಿದರು. ‘ಇರುವುದು ಕರ್ನಾಟಕದಲ್ಲಿ, ಕನ್ನಡದಲ್ಲಿ ಹೇಳಿ’ ಎಂದರು ಮೇಜಿನಾಚೆ ಕುಳಿತವರು. ಒಂದಿಬ್ಬರು ನಕ್ಕರು. ಆಕೆ ಚೀಲ ಮಡಚಿಕೊಂಡು ಹಿಂದಿನ ಸಾಲಿಗೆ ಹೋಗಿ ಕುಳಿತರು. ಮಧ್ಯಾಹ್ನ ಅದೇ ಮಹನೀಯರು ಹೊರಗಿನ ಚಹಾ ಅಂಗಡಿಯಲ್ಲಿ ಲೀಲಾಜಾಲವಾಗಿ ತೆಲುಗಿನಲ್ಲೇ ಹರಟುತ್ತಿದ್ದರು! ಅರ್ಥವಾಗದೆ ಹಾಗೆ ಹೇಳಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಕನ್ನಡ ಆಡಳಿತ ಭಾಷೆ. ಕಡತ, ಆದೇಶ, ನೋಟಿಸು ಎಲ್ಲವೂ ಕನ್ನಡದಲ್ಲೇ ಇರಬೇಕು. ಇದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಆ ನಿಯಮ ಕಚೇರಿಯನ್ನು ಕಟ್ಟಿಹಾಕುತ್ತದೆಯೇ ಹೊರತು ಕಷ್ಟ ಹೇಳಿಕೊಳ್ಳಲು ಬಂದವರನ್ನಲ್ಲ. ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ತೆಲುಗೂ ಇದೆ, ಉರ್ದುವೂ ಇದೆ. ತಾಂಡಾಗಳ ಲಂಬಾಣಿ ಆ ಪಟ್ಟಿಯಲ್ಲಿಲ್ಲ. ಹಾಗೆಂದು ತಾಂಡಾದ ಹೆಣ್ಣುಮಕ್ಕಳ ಕುಡಿಯುವ ನೀರಿನ ಗೋಳು ಸುಳ್ಳಾಗುವುದಿಲ್ಲ.

ಗಡಿಯಲ್ಲಿ ಕನ್ನಡ ಸೊರಗುತ್ತಿದೆ ಎಂಬ ಆತಂಕ ನನಗೂ ಇದೆ. ಅದಕ್ಕೆ ಮದ್ದು ಬಾಗೇಪಲ್ಲಿ, ಚೇಳೂರು ಕಡೆಯ ಸರ್ಕಾರಿ ಶಾಲೆಗಳಲ್ಲಿದೆ. ಅಲ್ಲಿ ಮೇಷ್ಟರಿದ್ದರೆ ಮನೆಯಲ್ಲಿ ತೆಲುಗಾಡುವ ಮಕ್ಕಳು ವರ್ಷ ಕಳೆಯುವುದರೊಳಗೆ ಕನ್ನಡ ಓದುತ್ತಾರೆ. ಮೇಷ್ಟರ ಜಾಗ ಖಾಲಿ ಬಿಟ್ಟು ಆ ಮುದುಕಿಯ ಮೇಲೆ ಕನ್ನಡಾಭಿಮಾನ ತೋರಿಸುವುದು ಯಾವ ನ್ಯಾಯ?

ನಾನು ಕೇಳುವುದು ಇಷ್ಟೇ. ಅಹವಾಲು ಯಾವ ಭಾಷೆಯಲ್ಲಿ ಹೇಳಿದರೂ ಸಿಬ್ಬಂದಿ ಕನ್ನಡದಲ್ಲಿ ಬರೆದುಕೊಂಡು, ಹೇಳಿದವರಿಗೆ ತಿಳಿಯುವಂತೆ ಓದಿ ಹೇಳಿ, ಸ್ವೀಕೃತಿ ಕೊಡಬೇಕೆಂದು ಎಲ್ಲ ತಹಶೀಲ್ದಾರರಿಗೂ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಹೊಸ ಹುದ್ದೆಯೂ ಬೇಡ, ಅನುದಾನವೂ ಬೇಡ. ಎರಡೂ ಭಾಷೆ ಬಲ್ಲ ನೌಕರರು ನಮ್ಮ ಕಚೇರಿಗಳಲ್ಲಿ ಬೇಕಾದಷ್ಟಿದ್ದಾರೆ. ಮುಂದಿನ ತಾತಯ್ಯ ಜಯಂತಿಯೊಳಗೆ ಆ ಸುತ್ತೋಲೆ ಬಂದರೆ ಸಂತೋಷ.

ಇಂತಿ ತಮ್ಮ ವಿಶ್ವಾಸಿ,
ಚಿಂತಾಮಣಿ ತಾಲ್ಲೂಕಿನ ಒಬ್ಬ ಕನ್ನಡಿಗ