ದೋಸ್ತ, ತಬಲಾ ಇಲ್ಲದ ಮಾರ್ವಾ ಕಳಸಾಕತ್ತೀನಿ

ಮೆಲ್ಬರ್ನ್, ಆಗಸ್ಟ್ 2020

ದೋಸ್ತ,

ಫೋನ್ ಮಾಡಿದ್ರ ನೀ ನಡುವ ಬಾಯಿ ಹಾಕ್ತಿ, ಅದಕ್ಕ ಬರ್ಯಾಕತ್ತೀನಿ. ಮಾರ್ವಾ ರಾಗದ ಹನ್ನೆರಡು ನಿಮಿಷದ್ದೊಂದು ಆಲಾಪ ಮಾಡೀನಿ, ಬರೇ ಬಾನ್ಸುರಿ (ಬಿದಿರ ಕೊಳಲು), ಹಿಂದ ತಾನಪುರಾ ಆ್ಯಪು, ನೀ ಬಾರಿಸೂ ತಬಲಾ ಇಲ್ಲ. ಸಿಟ್ಟಿಗೇಳಬ್ಯಾಡ, ಪೂರ್ತಾ ಓದು.

ಇಲ್ಲಿ ಸುದ್ದಿ ನಿಂಗ ಗೊತ್ತೈತಿ. ಕೊರೊನಾ ಅಂತ ಆಗಸ್ಟ್ 2ರಿಂದ ರಾತ್ರಿ ಎಂಟರ ಮ್ಯಾಲೆ ಕರ್ಫ್ಯೂ, ದಿನಕ್ಕ ಒಂದ್ ತಾಸು ಅಡ್ಡಾಡಾಕ ಬಿಡ್ತಾರ, ಅದೂ ಮನಿಯಿಂದ 5 ಕಿಲೋಮೀಟರ್ ಒಳಗ. ಹೊರದೇಶದಾಗ ಸಿಕ್ಕೊಂಡವ್ರನ್ನ ಕರಕೊಂಡು ಬರೂ ಸರಕಾರದ ವಂದೇ ಭಾರತ್ ವಿಮಾನ ಹತ್ತಿ ಬಂದುಬಿಡು ಅಂತ ಅವ್ವ ದಿನಾ ಅಂತಾಳ, ಬರಬಹುದು, ಆದ್ರ ಟೆಂಪರರಿ ವೀಸಾದವ್ರು ಒಮ್ಮೆ ದೇಶ ಬಿಟ್ರ ವಾಪಸ್ ಬರಾಕ ಬ್ಯಾರೆ ಪರವಾನಿಗಿ ಬೇಕು, ಅದು ಸಿಗೂದು ದೇವರಿಗೇ ಗೊತ್ತು, ಆಮ್ಯಾಲೆ ಕೆಲಸದ ಗತಿ? ಗಣಪತಿನೂ ಹಂಗ ಹೋತು. ಅವ್ವ ವಿಡಿಯೋ ಕಾಲ್ ಮಾಡಿ ಮಂಗಳಾರತಿ ತೋರಿಸಿದ್ಲು, ಫೋನ್ ಮ್ಯಾಲೆ ಮಾಡಿ ಹಿಡಿದಿದ್ಲು, ನಂಗ ಕಂಡಿದ್ದು ಜಂತಿ ಅಷ್ಟ. ಆರತಿ ಮುಗಿಯೂತನಕ ಜಂತಿಗೇ ಕೈ ಮುಗದೆ.

ಜೂನ್‌ನ್ಯಾಗ ನಾವಿಬ್ರೂ ಕಾಲ್ ಮ್ಯಾಲೆ ಕೂಡಿ ಬಾರಿಸಾಕ ಹೋಗಿದ್ದು ನೆನಪೈತಲ್ಲ. ನಾ ಸಮ್‌ಗೆ, ಅಂದ್ರ ತಾಳದ ಮೊದಲನೇ ಪೆಟ್ಟಿಗೆ, ಬಂದ್ರ ನಿನ್ನ ತಬಲಾದ ಧಾ ಇನ್ನೂ ಹಿಂದೂ ಮಹಾಸಾಗರದಾಗ ಇರ್ತಿತ್ತು, ನೀ ನನ್ನ ಕಾಯಾಂವ, ನಾ ನಿನ್ನ ಕಾಯಾಂವ, ಲಯ ಎಳಕೋತ ಎಳಕೋತ ವಿಲಂಬಿತಕ್ಕ ಇಳೀತಿತ್ತು. ಸಾಲದ್ದಕ್ಕ ಗದ್ದಲ ತಗಿಯೂ ಸೆಟ್ಟಿಂಗ್ ಬ್ಯಾರೆ, ಅದಕ್ಕ ತಾನಪುರಾನೂ ಫ್ಯಾನಿನ ಸಪ್ಪಳನೂ ಎರಡೂ ಒಂದ, ನಿಂತ ಸ್ವರ ಎಲ್ಲಾ ನುಂಗತೈತಿ. ಚೌಕ ಚೌಕದಾಗ ಕುಂತು ಎಲ್ಲಾರೂ ಕೂಡಿ ಹಾಡೂ ವಿಡಿಯೋ ಬರ್ತಾವಲ್ಲ ಈಗ, ಅವು ಒಬ್ಬೊಬ್ರು ಬ್ಯಾರೆ ಬ್ಯಾರೆ ರೆಕಾರ್ಡ್ ಮಾಡಿ ಆಮ್ಯಾಲೆ ಜೋಡಿಸಿದ್ದು, ಕೂಡಿದಂಗ ತೋರಸ್ತಾರ, ಕೂಡಿಲ್ಲ. ನಂಗ ಅದು ಬ್ಯಾಡಾತು. ಒಬ್ಬನ ಇದ್ದೀನಿ ಅಂದಮ್ಯಾಲೆ ಒಬ್ಬನ ಊದಿದ್ರಾತು.

ಮೊದಲ ಜೋಗಿಯಾ ರಾಗ ಹಿಡದು ನೋಡಿದೆ, ಅದು ಎರಡ ನಿಮಿಷಕ್ಕ ಅಳಾಕ ಶುರು ಮಾಡ್ತೈತಿ, ನಂಗ ಅಳು ಬರವಲ್ದು, ಒಂದ್ ನಮೂನಿ ಚಡಪಡಿಕಿ ಐತಿ. ಅದಕ್ಕ ಮಾರ್ವಾ. ಪ ಇಲ್ಲ, ಸಾ ಐತಿ ಆದ್ರ ಲಗೂ ಹೋಗಂಗಿಲ್ಲ, ಕೋಮಲ ರೇ, ಧೈವತ ಇವುಗಳ ಸುತ್ತನ ತಿರಗೂದು. ನೀ ಬಾನ್ಸುರಿ ಹಿಡದಾಂವಲ್ಲ, ಕೇಳು: ಮ್ಯಾಲಿನ ಮೂರು ತೂತು ಪೂರ್ತಾ ಮುಚ್ಚಿದ್ರ ಸಾ, ಮೂರನೇ ಬೆರಳು ಅರ್ಧ ಸರಿಸಿದ್ರ ಕೋಮಲ ರೇ. ಅರ್ಧ ತೂತಿನ ಫರಕು ಅಷ್ಟ. ಬೆರಳು ತಾನ ಜಾರಿ ಸಾ ಅನ್ನೂ ಮನಿಗೆ ಹೋಗಾಕ ನೋಡ್ತೈತಿ, ಹಿಡದು ನಿಲ್ಲಸಬೇಕು, ನೋಯತೈತಿ ಖರೇನ. ಹಿಂದ ತಾನಪುರಾದಾಗ (ಪ ತಗದು ನಿ ಕೂಡಿಸೀನಿ) ಸಾ ಒಂದ ಸವನ ನಡದಿರ್ತೈತಿ, ಕೇಳಿಸ್ಕೊಂಡೂ ಮುಟ್ಟಬಾರದು. ಐದನೇ ನಿಮಿಷಕ್ಕ ಒಮ್ಮೆ ಮುಟ್ಟೇಬಿಟ್ಟೀನಿ, ತಡಿಯಾಕ ಆಗಲಿಲ್ಲ. ಇನ್ನೂ ತಡಾ ಮಾಡಬೇಕಾಗಿತ್ತೇನೋ, ನೀ ಕೇಳಿ ಹೇಳು.

ಇಲ್ಲಿ ಚಳಿಗಾಲ, ಆರಕ್ಕಿಂತ ಮೊದಲ ಹೊತ್ತು ಮುಣಗತೈತಿ, ಆ ಹೊತ್ತಿಗೇ ಬಾಗಲಾ ಹಾಕ್ಕೊಂಡು ಕಿಟಕಿಗೆ ಚಾದರಾ ಕಟ್ಟಿ ರೆಕಾರ್ಡ್ ಮಾಡೀನಿ. ಆಗ ಧಾರವಾಡದಾಗ ಒಂದೂಕಾಲ ಸುಮಾರು, ನೀವೆಲ್ಲಾ ರೊಟ್ಟಿ ತಿನ್ನಾಕ ಕುಂತಿರ್ತೀರಿ.

ಮೊಬೈಲ್ ಸ್ಪೀಕರ್‌ನ್ಯಾಗ ಕೇಳಬ್ಯಾಡ, ಮಂದ್ರದ ಕೆಳಗಿನ ಸ್ವರ ಏನೂ ಕೇಳಂಗಿಲ್ಲ, ಹೆಡ್‌ಫೋನ್ ಹಾಕ್ಕೋ. ನಿಮ್ಮಪ್ಪಗ ಕೇಳಸೂದಿದ್ರ ಮಾತ್ರ ಸಂಜಿಮುಂದ ಹಚ್ಚು, ಮಾರ್ವಾ ಸಂಜಿ ರಾಗ, ಮುಂಜಾನೆ ಹಚ್ಚಿದ್ರ ಹೊತ್ತು ತಪ್ಪಿತಂತ ರೇಡಿಯೋದವ್ರನ್ನ ಬಿಡದವ್ರು ನನ್ನ ಬಿಡ್ತಾರೇನು!