ನಾವು ಜಗಳವಾಡದೆ ಬಿಟ್ಟ ವಿಷಯ

ಮೈಸೂರು

ಪ್ರೀತಿಯ ಗೆಳೆಯ,

ನಾವೆಲ್ಲ ಇಲ್ಲಿ ಕ್ಷೇಮ. ಹುಬ್ಬಳ್ಳಿಯ ಹವೆ ನಿನಗೂ ಅತ್ತಿಗೆಯವರಿಗೂ ಒಗ್ಗಿದೆಯೆಂದು ನಂಬಿದ್ದೇನೆ. ರಾಜಕೀಯದ ಮಾತು ಬಂದೊಡನೆ ಈಚೆಗೆ ನಾನೇಕೆ ಮಾತು ತಪ್ಪಿಸುತ್ತೇನೆಂದು ನೀನು ಫೋನಿನಲ್ಲಿ ಕೇಳಿದ್ದೆ. ನಿನ್ನ ಪಕ್ಷದ ಮೇಲಿನ ಮುನಿಸೆಂದು ತಿಳಿದಿರಬಹುದು, ಅದಲ್ಲ. ಉತ್ತರವನ್ನು ಬರೆದೇ ಹೇಳಬೇಕೆನಿಸಿತು. ನಮ್ಮ ಜೊತೆ ದುಡಿದ ಇನ್ನೂ ನಾಲ್ಕು ಜನ ಓದಲೆಂದು ಇದನ್ನು ಎಲ್ಲರೆದುರಿಗೆ ಇಡುತ್ತಿದ್ದೇನೆ. ನೀಲಿ ಟಿಫಿನ್ ಡಬ್ಬಿಯ ಪ್ರಸಂಗವನ್ನು ಇಲ್ಲಿ ಎತ್ತುವುದಿಲ್ಲ, ಧೈರ್ಯವಾಗಿರು.

ನಾವು ಜಗಳವಾಡದ ವಿಷಯ ಯಾವುದಿದೆ ಹೇಳು? 2016ರ ನವೆಂಬರ್ 8ರ ನೋಟು ರದ್ದತಿಗೆ ಜಗಳವಾಡಿದೆವು, ಜಿಎಸ್‌ಟಿಗೆ ಜಗಳವಾಡಿದೆವು. ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದುಪಡಿಸಿದ ಸಂಜೆ ನೀನು ಫೋನನ್ನೇ ಇಟ್ಟುಬಿಟ್ಟೆ. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 15ನೇ ಹಣಕಾಸು ಆಯೋಗದಲ್ಲಿ ಶೇ 4.713ರಿಂದ ಶೇ 3.647ಕ್ಕೆ ಇಳಿದದ್ದಕ್ಕೆ ನಾನು ನಿನ್ನನ್ನೇ ಹೊಣೆಗಾರನನ್ನಾಗಿ ಮಾಡಿ ಮಾತನಾಡಿದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯಲು ಬರುವ ನಿವೃತ್ತರೂ ಇದನ್ನೇ ಮಾಡುತ್ತಾರೆ. ಆದರೆ ನೀನೂ ನಾನೂ ಒಂದೇ ಶೆಡ್ಡಿನಲ್ಲಿ ದುಡಿದು, ಒಂದೇ ಯೋಜನೆಯಡಿ ಪಿಂಚಣಿ ಪಡೆಯುತ್ತಿದ್ದರೂ, ಆ ಇಪಿಎಸ್–95ರ, ಅಂದರೆ 1995ರ ನೌಕರರ ಪಿಂಚಣಿ ಯೋಜನೆಯ ಬಗ್ಗೆ ಒಮ್ಮೆಯೂ ಜಗಳವಾಡಲಿಲ್ಲ. ಏಕೆಂದು ಯೋಚಿಸುತ್ತಾ ಕೂತಾಗ ಕಾರಣ ಹೊಳೆಯಿತು: ಅದರ ಬಗ್ಗೆ ಯಾವ ಪಕ್ಷವೂ ನಮ್ಮ ಬಾಯಿಗೆ ಮಾತು ಕೊಟ್ಟಿಲ್ಲ. ಅವರು ಯಾವುದಕ್ಕೆ ಕಿತ್ತಾಡಿದರೋ ಅದಕ್ಕೆ ನಾವೂ ಕಿತ್ತಾಡಿದೆವು. ಅವರು ಸುಮ್ಮನಿದ್ದಲ್ಲಿ ನಾವೂ ಸುಮ್ಮನಿದ್ದೆವು.

ಲೆಕ್ಕ ನಿನಗೆ ಗೊತ್ತಿರುವುದೇ, ಆದರೂ ಬೇರೆಯವರಿಗಾಗಿ ಬರೆಯುತ್ತೇನೆ. 1995ರ ನವೆಂಬರ್ 16ರಂದು ಜಾರಿಗೆ ಬಂದ ಈ ಯೋಜನೆಯಲ್ಲಿ, ಮಾಲೀಕರು ಭವಿಷ್ಯ ನಿಧಿಗೆ ಕಟ್ಟುವ ಪಾಲಿನಿಂದ ಸಂಬಳದ ಶೇ 8.33ರಷ್ಟು ಪಿಂಚಣಿ ನಿಧಿಗೆ ಹೋಗುತ್ತದೆ. ಕೇಂದ್ರ ಸರ್ಕಾರ ಶೇ 1.16ರಷ್ಟು ಸೇರಿಸುತ್ತದೆ. ನಮ್ಮಂಥವರ ಮಟ್ಟಿಗೆ ಸಂಬಳವೆಂದರೆ ಕೈಗೆ ಬರುತ್ತಿದ್ದ ಸಂಬಳವಲ್ಲ, ಸರ್ಕಾರ ಗೊತ್ತುಮಾಡಿದ ಮಿತಿ. ಅದು ಮೊದಲು 5,000 ರೂಪಾಯಿ, 2001ರಿಂದ 6,500, 2014ರ ಸೆಪ್ಟೆಂಬರಿನಿಂದ 15,000. ಆ ಮೊತ್ತವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ. 6,500ಕ್ಕೆ 19 ವರ್ಷ ಲೆಕ್ಕ ಹಾಕಿದರೆ 1,764 ರೂಪಾಯಿ. ಒಮ್ಮೆ ನಿಗದಿಯಾದರೆ ಮುಗಿಯಿತು, ತುಟ್ಟಿಭತ್ಯೆಯಿಲ್ಲ. ನಿವೃತ್ತನಾದ ವರ್ಷ ಆ ಹಣದಲ್ಲಿ ಮನೆಯ ಅಕ್ಕಿ, ಬೇಳೆ, ಹಾಲಿನ ಲೆಕ್ಕ ಹೇಗೋ ತೀರುತ್ತಿತ್ತು. ಈಗ ನನ್ನ ಸಕ್ಕರೆ ಕಾಯಿಲೆಯ ಮಾತ್ರೆಗೂ ರಕ್ತಪರೀಕ್ಷೆಗೂ ಸಾಲುತ್ತಿಲ್ಲ.

ನನ್ನ ಮನೆಯಾಕೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. 2023ರ ಆಗಸ್ಟ್ 30ರಂದು ಆ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮೂರಿನಲ್ಲೇ, ಮಹಾರಾಜ ಕಾಲೇಜು ಮೈದಾನದಲ್ಲಿ. ಅದನ್ನು ಬಿಟ್ಟಿ ಭಾಗ್ಯವೆಂದು ಕರೆಯುವವರ ಜೊತೆ ನಾನು ಸೇರುವುದಿಲ್ಲ, ನಿನ್ನ ಮಾತು ಎಷ್ಟೇ ಬಲವಾಗಿದ್ದರೂ ಸೇರುವುದಿಲ್ಲ. ಅವಳು ಜೀವಮಾನವೆಲ್ಲ ದುಡಿದದ್ದಕ್ಕೆ ಯಾರೂ ಸಂಬಳ ಕೊಟ್ಟಿರಲಿಲ್ಲ. ಆದರೆ ಮೂರು ಪಾಳಿಯಲ್ಲಿ ದುಡಿದವನ ಪಿಂಚಣಿ ಅದಕ್ಕಿಂತ ಕಡಿಮೆಯಿರುವುದು ನ್ಯಾಯವೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಇನ್ನು ಪಕ್ಷಗಳ ಕಥೆ. 2013ರಲ್ಲಿ, ಯುಪಿಎ ಸರ್ಕಾರವಿದ್ದಾಗ, ಬಿಜೆಪಿಯ ಭಗತ್ ಸಿಂಗ್ ಕೋಶ್ಯಾರಿ ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಕನಿಷ್ಠ ಪಿಂಚಣಿ 3,000 ರೂಪಾಯಿ ಇರಬೇಕೆಂದು ಶಿಫಾರಸು ಮಾಡಿತು. ಯುಪಿಎ ಸಂಪುಟ 2014ರ ಆರಂಭದಲ್ಲಿ 1,000ಕ್ಕೆ ಒಪ್ಪಿತು. ಚುನಾವಣೆ ನಡೆದು ಸರ್ಕಾರ ಬದಲಾಯಿತು, ಎನ್‌ಡಿಎ ಸರ್ಕಾರ ಅದೇ ಸಾವಿರವನ್ನು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೊಳಿಸಿತು. ಕನಿಷ್ಠ ಪಿಂಚಣಿ ಅಲ್ಲಿಂದ ಮೇಲೇರಿಲ್ಲ. ನಿನ್ನ ಪಕ್ಷ, ನನ್ನ ಪಕ್ಷ ಎರಡರದೂ ಸಹಿ ಆ ಸಾವಿರದ ಮೇಲಿದೆ. 78 ಲಕ್ಷಕ್ಕೂ ಹೆಚ್ಚು ಪಿಂಚಣಿದಾರರಿರುವ ಯೋಜನೆ ಇದು. ನಾವು ಒಂದು ಜಾತಿಯಲ್ಲ, ಒಂದು ಊರಲ್ಲ, ಒಂದು ಕ್ಷೇತ್ರವಲ್ಲ, ಆದ್ದರಿಂದ ನಮ್ಮನ್ನು ಮರೆತರೆ ಯಾರ ಠೇವಣಿಯೂ ಹೋಗುವುದಿಲ್ಲ.

ನನ್ನನ್ನು ನಿಜವಾಗಿ ಕಲಕಿದ್ದು 2025ರ ಮಾರ್ಚ್ ತಿಂಗಳ ಒಂದು ಸುದ್ದಿ. ಮಾಜಿ ಸಂಸದರ ಪಿಂಚಣಿ 25,000ದಿಂದ 31,000 ರೂಪಾಯಿಗೆ ಏರಿತು, ಅದೂ 2023ರ ಏಪ್ರಿಲ್‌ನಿಂದ ಅನ್ವಯವಾಗುವಂತೆ. 2018ರಲ್ಲಿ ಸಂಸತ್ತೇ ಮಾಡಿಕೊಂಡ ಕಾನೂನಿನ ಪ್ರಕಾರ ಅದು ಐದು ವರ್ಷಕ್ಕೊಮ್ಮೆ ಬೆಲೆಯೇರಿಕೆಯ ಸೂಚ್ಯಂಕವನ್ನು ಅನುಸರಿಸಿ ಏರುತ್ತದೆ. ಯಾರೂ ಧರಣಿ ಕೂರಬೇಕಿಲ್ಲ. ಅವರಿಗೆ ಪಿಂಚಣಿ ಬೇಡವೆಂದು ನಾನು ಹೇಳುತ್ತಿಲ್ಲ. ಬೆಲೆ ಏರಿದಂತೆ ಮುದುಕನೊಬ್ಬನ ಹಣ ಕರಗುತ್ತದೆ ಎಂಬ ಸತ್ಯ ಅವರಿಗೆ ಚೆನ್ನಾಗಿ ತಿಳಿದಿದೆ, ತಿಳಿದೇ ತಮ್ಮನ್ನು ಕಾಪಾಡಿಕೊಂಡಿದ್ದಾರೆ ಎಂಬುದು ನನ್ನ ನೋವು. ತಿಳಿಯದೆ ಹೀಗಾಯಿತೆಂದು ನಾನು ಇಷ್ಟು ಕಾಲ ಸಮಾಧಾನಪಟ್ಟುಕೊಂಡಿದ್ದೆ.

ಪಿಂಚಣಿ ನಿಧಿಯಲ್ಲಿ ಕೊರತೆಯಿದೆ, ಹೆಚ್ಚಿಸಲು ಸಾಧ್ಯವಿಲ್ಲ ಎಂಬ ಉತ್ತರ ಸಂಸತ್ತಿನಲ್ಲಿ ಬರುತ್ತದೆ. ಆ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಎಲ್ಲರ ವಂತಿಗೆ ಒಂದೇ ನಿಧಿಗೆ ಬಿದ್ದು ಅದರಿಂದಲೇ ಎಲ್ಲರಿಗೂ ಹಂಚಿಕೆಯಾಗಬೇಕಾದ ಏರ್ಪಾಡಿನಲ್ಲಿ, ಮೇಲಿನಿಂದ ಹಣ ಬಾರದೆ ಕನಿಷ್ಠ ಮೊತ್ತ ಏರುವುದಿಲ್ಲ. ಆದರೆ 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಆದಾಯ ತೆರಿಗೆಯನ್ನು ಶೇ 22ಕ್ಕೆ ಇಳಿಸಲು ಒಂದು ಸುಗ್ರೀವಾಜ್ಞೆ ಸಾಕಾಯಿತು, ಅದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕೈಬಿಡುತ್ತದೆಂದು ಸರ್ಕಾರವೇ ಅಂದಾಜು ಹೇಳಿತು. ಹೂಡಿಕೆ ಬರುತ್ತದೆ, ಕೆಲಸ ಹುಟ್ಟುತ್ತದೆ ಎಂದು ಆಗ ನೀನು ಹೇಳಿದ್ದೆ, ನಾನೂ ಅರ್ಧ ನಂಬಿದ್ದೆ. ಆ ಧೈರ್ಯ ಅಲ್ಲಿ ಇತ್ತು, ಇಲ್ಲಿ ಇಲ್ಲ. ಕೊರತೆ ಬೊಕ್ಕಸದ್ದು ಮಾತ್ರವಲ್ಲ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ನಿನಗೆ ಹೇಳದೆ ಉಳಿದದ್ದೊಂದಿದೆ. ಬೀದಿಯಲ್ಲಿ ಯಾರಾದರೂ ಕೇಳಿದರೆ, ಪಿಂಚಣಿ ಬರುತ್ತದೆ, ತೊಂದರೆಯಿಲ್ಲ ಎಂದು ಹೇಳುತ್ತೇನೆ. ಮನೆ ನಡೆಯುವುದು ಮಗ ಕೊಡುವ ಹಣದಿಂದ. ಅವನು ಕೂರ್ಗಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುತ್ತಾನೆ. ಬೆಳಗಿನ ಪಾಳಿಗೆ ಹೊರಡುವಾಗ ನನ್ನ ಮೇಜಿನ ಮೇಲೆ ನೋಟುಗಳನ್ನಿಟ್ಟು, ನಾನು ಎಚ್ಚರವಿರುವುದು ಗೊತ್ತಿದ್ದರೂ, ಏನೂ ಮಾತನಾಡದೆ ಹೋಗುತ್ತಾನೆ. ಅವನ ಪಿಂಚಣಿಯೂ 2014ರ ಆ 15,000ದ ಮಿತಿಯ ಮೇಲೆಯೇ ಲೆಕ್ಕವಾಗುತ್ತಿದೆ. 35 ವರ್ಷ ಬಿಡುವಿಲ್ಲದೆ ದುಡಿದರೂ ಆ ಸೂತ್ರದಲ್ಲಿ ಸಿಗುವುದು 8,000ಕ್ಕಿಂತ ಕಡಿಮೆ. ಕಾಂಟ್ರಾಕ್ಟ್ ಕೆಲಸದಲ್ಲಿ 35 ವರ್ಷ ಬಿಡುವಿಲ್ಲದೆ ಯಾರಿಗೆ ಕೆಲಸವಿರುತ್ತದೆ? ನನಗೆ ಅವನಿದ್ದಾನೆ. ಅವನಿಗೆ ಮದುವೆಯಾಗಿಲ್ಲ, ಈ ಸಂಬಳದಲ್ಲಿ ಸಂಸಾರ ಹೂಡುವುದು ಹೇಗೆಂದು ಅವನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

2024ರ ಏಪ್ರಿಲ್ 26ರಂದು ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದಾಗ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಯಾರ ಮೇಲೂ ಆಸೆಯೂ ಇರಲಿಲ್ಲ. ಮತ ಹಾಕಿ ಬಂದೆ. ಮನೆಯಲ್ಲಿ ಮಗ ಯಾರಿಗೆ ಹಾಕಿದೆಯೆಂದು ಕೇಳಲಿಲ್ಲ, ನಾನೂ ಅವನನ್ನು ಕೇಳಲಿಲ್ಲ. ತುರ್ತು ಪರಿಸ್ಥಿತಿಯ ನಂತರದ ಚುನಾವಣೆಯಲ್ಲಿ ರಾತ್ರಿಯಿಡೀ ರೇಡಿಯೊದ ಮುಂದೆ ಕೂತಿದ್ದ ನಾವು ಹೀಗಾದೆವೇ ಎಂದು ಭಯವಾಗುತ್ತದೆ. ನಿನ್ನೊಡನೆ ಮಾತು ತಪ್ಪಿಸಿದ್ದು ಇದಕ್ಕೇ. ನೀನು ವಾದಿಸಿದರೆ ಎದುರು ವಾದಿಸುವಷ್ಟು ನಂಬಿಕೆ ನನ್ನಲ್ಲಿ ಉಳಿದಿರಲಿಲ್ಲ.

ಸಾಕು ಬಿಡು, ಅತ್ತಿಗೆ ಇದನ್ನು ಓದಿ ಗಾಬರಿಯಾದಾರು. ನಾನು ಚೆನ್ನಾಗಿಯೇ ಇದ್ದೇನೆ, ಸಂಜೆ ಅಗ್ರಹಾರದ ಆ ಹೋಟೆಲಿಗೆ ಹೋಗುವುದನ್ನು ಬಿಟ್ಟಿಲ್ಲ. ಮ್ಯಾನೇಜರ ಮೀಸೆಯ ವಿಷಯದಲ್ಲಿ ಗೆದ್ದದ್ದು ನಾನೇ ಎಂಬುದನ್ನು ಸಾಯುವವರೆಗೂ ಬಿಟ್ಟುಕೊಡುವುದಿಲ್ಲ.

ಈ ಪತ್ರದ ಜೊತೆ ಒಂದು ಮನವಿಯ ಕರಡನ್ನೂ ಕಳಿಸುತ್ತಿದ್ದೇನೆ. ಅದರಲ್ಲಿ ಎರಡೇ ಬೇಡಿಕೆ: ಕನಿಷ್ಠ ಪಿಂಚಣಿ ಏರಬೇಕು, ಮತ್ತು ಸಂಸದರ ಪಿಂಚಣಿಯಂತೆ ನಮ್ಮದೂ ಬೆಲೆಯೇರಿಕೆಯ ಸೂಚ್ಯಂಕಕ್ಕೆ ಜೋಡಣೆಯಾಗಬೇಕು. 2020ರ ಮಾರ್ಚ್‌ನಲ್ಲಿ ನಿಂತುಹೋದ ಹಿರಿಯ ನಾಗರಿಕರ ರೈಲು ರಿಯಾಯಿತಿಯನ್ನೂ ಸೇರಿಸೆಂದು ನೀನು ಹೇಳುವೆ, ಬಲ್ಲೆ. ಅದಕ್ಕೆ ಬೇರೆ ಪತ್ರ ಬರೆಯೋಣ. ಇದಕ್ಕೆ ನೀನು ಸಹಿ ಹಾಕಿ ನಿನ್ನ ಸಂಸದರಿಗೆ ಕೊಡು, ನಾನು ನನ್ನ ಸಂಸದರಿಗೆ ಕೊಡುತ್ತೇನೆ. ನೀನು ನಿನ್ನ ಪಕ್ಷದವರನ್ನು ಕೇಳು, ನಾನು ನನ್ನ ಪಕ್ಷದವರನ್ನು ಬಿಡದೆ ಕೇಳುತ್ತೇನೆ. ಯಾರು ಏನು ಉತ್ತರ ಕೊಟ್ಟರೆಂದು ಬರೆದುಕೊಂಡು ಆಮೇಲೆ ಬೇಕಾದಷ್ಟು ಜಗಳವಾಡೋಣ. ಹಾಗೆಯೇ ನಿನ್ನ ಜೀವನ ಪ್ರಮಾಣಪತ್ರದ ಅವಧಿ ಯಾವಾಗ ಮುಗಿಯುತ್ತದೆಂದು ನೋಡಿಕೊಂಡು ಮೊದಲೇ ಸಲ್ಲಿಸು. ಒಂದು ತಿಂಗಳ ಹಣವೂ ನಿಲ್ಲಬಾರದು.

ಇಂತಿ ನಿನ್ನ,
ಹಳೆಯ ಪಾಳಿಯ ಗೆಳೆಯ