ಕೆಂಬೂತ ತನ್ನ ಗೂಡನ್ನು ತಾನೇ ಕಟ್ಟುತ್ತದೆ

ಮಾನ್ಯರೇ,

ಕೋಗಿಲೆ ಕುಟುಂಬದ ಹಕ್ಕಿ ಎಂದೊಡನೆ ‘ಕಾಗೆ ಗೂಡಿನಲ್ಲಿ ಮೊಟ್ಟೆಯಿಟ್ಟು ಕೈತೊಳೆದುಕೊಳ್ಳುತ್ತದೆ’ ಎಂದು ಸೇರಿಸಿಬಿಡುವುದು ರೂಢಿಯಾಗಿದೆ. ಕೆಂಬೂತದ ಚಿತ್ರದಡಿಯೂ ಇದೇ ಸಾಲು ಬರುತ್ತದೆ. ಕುಟುಂಬವೇನೋ ಒಂದೇ, ಸಂಸಾರದ ರೀತಿ ಬೇರೆ. ಕೆಂಬೂತ ತಾನೇ ಗೂಡು ಕಟ್ಟಿ, ಕಾವು ಕೂತು, ಮರಿಗಳಿಗೆ ಗುಟುಕು ಕೊಡುತ್ತದೆ.

ಗುರುತಿಸುವುದು ಕಷ್ಟವಲ್ಲ. ಮೈಗಾತ್ರ ಕಾಗೆಯಷ್ಟು, ಉದ್ದನೆಯ ಬಾಲವೂ ಸೇರಿ ಸುಮಾರು 48 ಸೆಂ.ಮೀ. ತಲೆ, ಎದೆ, ಬಾಲ ಹೊಳೆವ ಕಪ್ಪು. ಬಿಸಿಲು ಬಿದ್ದರೆ ಕತ್ತಿನ ಮೇಲೆ ನೇರಳೆ ಛಾಯೆ. ರೆಕ್ಕೆ ಮಾತ್ರ ಇಟ್ಟಿಗೆ ಕೆಂಪು. ಗಂಡು ಕೋಗಿಲೆಯಂತೆ ಇದಕ್ಕೂ ಕೆಂಪು ಕಣ್ಣು. ಆದರೆ ಕೋಗಿಲೆಯ ರೆಕ್ಕೆ ಕಪ್ಪು, ಕೊಕ್ಕು ತಿಳಿಹಸಿರು. ಕೆಂಬೂತದ್ದು ದಪ್ಪನೆಯ ಕರಿ ಕೊಕ್ಕು. ಗಂಡು ಹೆಣ್ಣಿಗೆ ಒಂದೇ ಬಣ್ಣ, ಹೆಣ್ಣು ತುಸು ದೊಡ್ಡದು. ಎಳೆಯ ಹಕ್ಕಿಯ ಮೈ ಮಂಕು, ಮೇಲೆಲ್ಲ ಬಿಳಿಚು ಅಡ್ಡಗೀರು, ಕಣ್ಣೂ ಇನ್ನೂ ಕೆಂಪಾಗಿರುವುದಿಲ್ಲ. ಬೇರೆ ಜಾತಿಯೆಂದು ಮೋಸಹೋಗುವುದು ಇಲ್ಲೇ. ಹಿಂಬೆರಳಿನ ಉಗುರು ನೀಳವಾಗಿ ನೆಟ್ಟಗಿರುತ್ತದೆ. ‘ಸೆಂಟ್ರೋಪಸ್’ ಎಂಬ ಕುಲನಾಮದ ಅರ್ಥವೇ ಮುಳ್ಳುಗಾಲು.

ಹಾರುವುದರಲ್ಲಿ ಇದು ಹಿಂದೆ. ನಾಲ್ಕು ಸಲ ರೆಕ್ಕೆ ಬಡಿದು, ತೇಲಿ, ಮುಂದಿನ ಪೊದೆಯೊಳಗೆ ಬೀಳುತ್ತದೆ. ಹೆಚ್ಚಿನ ಬೇಟೆ ನೆಲದ ಮೇಲೆ, ನಡೆದುಕೊಂಡೇ: ಕಂಬಳಿಹುಳು, ಮಿಡತೆ, ಬಸವನಹುಳು, ಹಲ್ಲಿ, ಇಲಿಮರಿ, ಸಣ್ಣ ಹಾವು. ಬೇರೆ ಹಕ್ಕಿಗಳ ಮೊಟ್ಟೆ ಮರಿಗಳನ್ನೂ ಬಿಡದು, ಆ ಆರೋಪ ನಿಜ. ಬೆಳಗ್ಗೆ ಪೊದೆಯ ನೆತ್ತಿಗೇರಿ ರೆಕ್ಕೆ, ಬಾಲ ಹರಡಿ ಬಿಸಿಲು ಕಾಯುತ್ತದೆ. ನವಿಲು ಕುಣಿಯಿತೆಂದು ಕೆಂಬೂತ ಕುಣಿಯಲು ಹೋದ ಗಾದೆ ಹುಟ್ಟಿದ್ದು ಈ ಭಂಗಿಯಿಂದಲೇ ಇರಬೇಕೆಂದು ನಮ್ಮ ಗುಮಾನಿ. ಖಾಲಿ ಕೊಡದೊಳಗಿಂದ ಬಂದಂತಿರುವ ‘ಊಪ್ ಊಪ್ ಊಪ್’ ಇದರದೇ ಕೂಗು. ಒಂದು ಶುರುಮಾಡಿದರೆ ಜೊತೆಯದು ದನಿಗೂಡಿಸುತ್ತದೆ. ಇನ್ನೂ ತಗ್ಗಿನ ದನಿ ಹೆಣ್ಣಿನದು.

ದಕ್ಷಿಣ ಭಾರತದಲ್ಲಿ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಿನ ಕಾಲ. ಬಿದಿರುಮೆಳೆ, ಮುಂಡುಗದ ನೆತ್ತಿ, ಬಳ್ಳಿ ಹೆಣೆದ ದಟ್ಟ ಬೇಲಿ ಇದಕ್ಕೆ ಬೇಕು. ಕಟ್ಟುವ ಕೆಲಸದಲ್ಲಿ ಹೆಚ್ಚಿನ ಪಾಲು ಗಂಡಿನದು, 3ರಿಂದ 8 ದಿನ ಹಿಡಿಯುತ್ತದೆ. ಗೂಡು ಆಳವಾದ ಬಟ್ಟಲು, ಮೇಲೆ ಕಮಾನಿನ ಮುಚ್ಚಿಗೆ. ಸಾಮಾನ್ಯವಾಗಿ 3ರಿಂದ 5 ಬಿಳಿ ಮೊಟ್ಟೆ. ಹೊಸದರಲ್ಲಿ ಹಳದಿ ಹೊಳಪಿದ್ದು ಕ್ರಮೇಣ ಸವೆದುಹೋಗುತ್ತದೆ. ಕಾವು 15–16 ದಿನ, ಮರಿ ಗೂಡು ಬಿಡಲು ಮತ್ತೆ 18–22 ದಿನ.

ಅಂದರೆ ಮೊದಲ ಮೊಟ್ಟೆಯಿಂದ ಸುಮಾರು ಆರು ವಾರ ಆ ಪೊದೆ ಕದಲಬಾರದು. ನಾವು ಬೇಲಿ ಸವರಲು ಹೊರಡುವುದು ಮಳೆಗೆ ಹಸಿರು ನುಗ್ಗಿದಾಗಲೇ, ಅಂದರೆ ಸರಿಯಾಗಿ ಅದೇ ವೇಳೆಗೆ. ಗೂಡಿಗೆ ಕತ್ತಿ ತಾಗಬೇಕೆಂದೇನೂ ಇಲ್ಲ. ಮೇಲಿನ ಬಳ್ಳಿ ಎಳೆದುಹಾಕಿದರೆ ಸಾಕು, ಗೂಡು ಬಯಲಾಗುತ್ತದೆ. ಕಾಡುಕಾಗೆ ಮೊಟ್ಟೆ ಹೊತ್ತೊಯ್ಯುತ್ತದೆ, ಇಲ್ಲವೇ ಹಕ್ಕಿಯೇ ಗೂಡು ತೊರೆಯುತ್ತದೆ. ಸವರಲೇಬೇಕಾದರೆ ಸೆಪ್ಟೆಂಬರ್ ಕಳೆಯಲಿ. ಅಷ್ಟು ಕಾಯಲಾಗದಿದ್ದರೆ ಮೊದಲು ದೂರದಿಂದ ಅರ್ಧ ಗಂಟೆ ಗಮನಿಸಿ: ಕೊಕ್ಕಿನಲ್ಲಿ ಎಲೆಯನ್ನೋ ಹುಳುವನ್ನೋ ಕಚ್ಚಿಕೊಂಡು ಹಕ್ಕಿ ಒಂದೇ ಕಡೆ ಮತ್ತೆ ಮತ್ತೆ ನುಸುಳಿದರೆ ಆ ಭಾಗವನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿ. ಹಾರಲು ಬಾರದ ಗೀರುಮೈಯ ಮರಿ ಬೇಲಿಯ ಬುಡದಲ್ಲಿ ಸಿಕ್ಕರೆ ಮನೆಗೆ ತರಬೇಡಿ. ಗೂಡು ಬಿಟ್ಟ ಹೊಸದರಲ್ಲಿ ಅದು ಪೊದೆಯೊಳಗೇ ತೆವಳಾಡುತ್ತಿರುತ್ತದೆ, ಗುಟುಕು ತರುವವರು ಹತ್ತಿರದಲ್ಲೇ ಇರುತ್ತಾರೆ.

– ಕೆಲವು ಪಕ್ಷಿವೀಕ್ಷಕರು